17–0ರಿಂದ 3–1ಕ್ಕೆ: ಏಷ್ಯಾದ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ನಮ್ಮ ಕ್ಲಬ್‌ಗಳು ನಿಜಕ್ಕೂ ಮುಂದೆ ಬಂದಿವೆಯಾ?

ಹಳೇ ಗ್ಯಾಲರಿ

ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಹುಡುಗಿಯರ ಆಟ ಚೀನಾದ ವುಹಾನ್‌ನಲ್ಲಿ ಮುಗಿಯಿತು. 2025ರ ನವೆಂಬರ್ 17ಕ್ಕೆ ಇರಾನಿನ ಬಾಮ್ ಖಾತೂನ್ ವಿರುದ್ಧ 3–1 ಗೆಲುವು. 20ಕ್ಕೆ ಹಾಲಿ ಚಾಂಪಿಯನ್ ವುಹಾನ್ ಜಿಯಾಂಗ್ಡಾ ವಿರುದ್ಧ 0–2. 23ಕ್ಕೆ ಉಜ್ಬೇಕಿಸ್ತಾನದ ನಸಾಫ್ ವಿರುದ್ಧ 0–3. ಕೊನೆಯ ಪಂದ್ಯ ಡ್ರಾ ಮಾಡಿಕೊಂಡಿದ್ದರೂ ಸಾಕಿತ್ತು, ಕ್ವಾರ್ಟರ್ ಫೈನಲ್ ಸಿಗುತ್ತಿತ್ತು. ಗುಂಪಿನಲ್ಲಿ ಮೂರನೇ ಸ್ಥಾನ, ಆಟ ಅಲ್ಲಿಗೇ ನಿಂತಿತು.

ಹೋದ ವರ್ಷ ಇದೇ ಟೂರ್ನಿಯಲ್ಲಿ ಒಡಿಶಾ ಎಫ್‌ಸಿ ಜಪಾನಿನ ಉರಾವಾ ರೆಡ್ಸ್ ಕೈಲಿ 17–0 ತಿಂದಿತ್ತು. ಹದಿನೇಳು. ಆ ದಿನ ಇಲ್ಲೇ ಯಾರೋ "ಇವರನ್ನು ಕಳಿಸೋದೇ ಬೇಡ" ಅಂತ ಬರೆದಿದ್ದರು. ಈ ಸಲ ಬಾಮ್ ಖಾತೂನ್ ಸೋತ ಮೇಲೆ ಅದೇ ಜನ "ಭಾರತ ಏಷ್ಯಾ ಮಟ್ಟಕ್ಕೆ ಬಂತು" ಅಂತಿದ್ದಾರೆ. ಎರಡೂ ನನಗೆ ಅತಿ ಅನಿಸುತ್ತೆ.

ನನ್ನ ಪ್ರಶ್ನೆ ಇಷ್ಟೇ. ಒಂದು ವರ್ಷದಲ್ಲಿ ನಿಜಕ್ಕೂ ಏನಾದರೂ ಬದಲಾಯ್ತಾ? ಇಲ್ಲಾ ಒಂದು ಕ್ಲಬ್ ಚೆನ್ನಾಗಿ ತಯಾರಾಗಿ ಹೋಗಿತ್ತು, ಅಷ್ಟೇನಾ?

ರೆಫರಿ ರಂಗ

ಭಾರತದ ಕ್ಲಬ್ ಒಂದು ಏಷ್ಯಾದಲ್ಲಿ ಗೆದ್ದಿದ್ದೇ ಇದು ಮೊದಲು ಗುರು. ಅದನ್ನು ಮೊದಲು ಸಂಭ್ರಮಿಸೋಣ. ಲೆಕ್ಕ ಆಮೇಲೆ ಮಾಡೋಣ.

ಆಫ್‌ಸೈಡ್ ಅಕ್ಕ

ರಂಗ, ಮೊದಲಲ್ಲ. 2021ರ ನವೆಂಬರ್‌ನಲ್ಲಿ ಜೋರ್ಡಾನಿನ ಅಕಾಬಾದಲ್ಲಿ ಗೋಕುಲಂ ಕೇರಳ ಆಡಿತ್ತು. ಆಗ ಟೂರ್ನಿಯ ಹೆಸರು ಎಎಫ್‌ಸಿ (ಏಷ್ಯಾ ಫುಟ್‌ಬಾಲ್ ಒಕ್ಕೂಟ) ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್. ಅಮ್ಮಾನ್ ಕ್ಲಬ್ ವಿರುದ್ಧ 1–2, ಇರಾನಿನ ಶಹರ್ದಾರಿ ಸಿರ್ಜಾನ್ ವಿರುದ್ಧ 0–1 ಸೋತು, ಕೊನೆಗೆ ಉಜ್ಬೇಕಿಸ್ತಾನದ ಬುನ್ಯೋದ್ಕೋರ್ ತಂಡವನ್ನು 3–1ರಿಂದ ಹೊಡೆದರು. ಮನೀಷಾ ಕಲ್ಯಾಣ್ ಗೋಲು ಹಾಕಿದ್ದು ಅದೇ ಪಂದ್ಯದಲ್ಲಿ. ಒಡಿಶಾ ಕೂಡ ಹೋದ ವರ್ಷ ಜೋರ್ಡಾನಿನಲ್ಲಿ ಪ್ರಾಥಮಿಕ ಸುತ್ತು ಗೆದ್ದೇ ಮುಂದೆ ಹೋಗಿತ್ತು. ಈಸ್ಟ್ ಬೆಂಗಾಲ್‌ದು ಚಾಂಪಿಯನ್ಸ್ ಲೀಗ್‌ನ ಗುಂಪು ಹಂತದಲ್ಲಿ ಭಾರತದ ಕ್ಲಬ್‌ನ ಮೊದಲ ಗೆಲುವು. ಅಷ್ಟು ಹೇಳಿ, ಸರಿ ಇದೆ.

ರೆಫರಿ ರಂಗ

ಅದನ್ನೇ ಹೇಳಿದ್ದು ಅಕ್ಕ. ಚಾಂಪಿಯನ್ಸ್ ಲೀಗ್ ಅಂದರೆ ಚಾಂಪಿಯನ್ಸ್ ಲೀಗ್.

ಆಫ್‌ಸೈಡ್ ಅಕ್ಕ

ಹೇಳಿದ್ದು "ಏಷ್ಯಾದಲ್ಲಿ". ಮೇಲೆ ಹಾಗೇ ಇದೆ, ನೋಡ್ಕೋ.

ಕುಡ್ಲದ ಗೋಲಿ

ಮಾರಾಯ್ರೆ, ನೀವಿಬ್ಬರೂ ಶುರು ಮಾಡಿದ್ರಾ ಮತ್ತೆ.

ಬಾಮ್ ಖಾತೂನ್ ಅಂದರೆ ಸುಮ್ನೆ ಒಂದು ತಂಡ ಅಲ್ಲ. 2003ರ ಭೂಕಂಪದಲ್ಲಿ ನೆಲಸಮ ಆಗಿತ್ತಲ್ಲ ಬಾಮ್ ಊರು, ಅದೇ ಊರಿನ ಕ್ಲಬ್. ಇರಾನಿನ ಲೀಗ್ ಅನ್ನು ಎಷ್ಟೋ ಸಲ ಗೆದ್ದವರು. ಅವರ ಎದುರು ನಾಲ್ಕನೇ ನಿಮಿಷಕ್ಕೇ ಶಿಲ್ಕಿ ದೇವಿ ಗೋಲು ಹೊಡೆದಾಗ ನಾನು ಬಸ್ಸಲ್ಲಿ ಫೋನ್ ನೋಡುತ್ತಾ ಕಿರುಚಿಬಿಟ್ಟೆ. ಪಕ್ಕದವರು "ವಿಕೆಟ್ ಬಿತ್ತಾ?" ಅಂತ ಕೇಳಿದರು.

ಹುಬ್ಬಳ್ಳಿ ಹಾಫ್‌ಬ್ಯಾಕ್

ಶಿಲ್ಕಿ ಸರಿ. ಉಳಿದ ಎರಡು ಗೋಲು ಯಾರವು ರೀ? ಫಾಜಿಲಾ ಇಕ್ವಾಪುಟ್, ರೆಸ್ಟಿ ನಂಜಿರಿ. ಇಬ್ಬರೂ ಉಗಾಂಡಾದವರು. 3–1ರಲ್ಲಿ ಭಾರತದವರ ಕಾಲಿನಿಂದ ಬಂದದ್ದು ಒಂದೇ ಗೋಲು. ಅವರಿಬ್ಬರನ್ನು ತೆಗೆದು ನೋಡಿದರೆ 1–1. ಹಂಗಾದ್ರ ಏನ್ ಬದಲಾತು ಹೇಳ್ರಿ?

ರೆಫರಿ ರಂಗ

ಇದೇನು ಲೆಕ್ಕ ಸ್ವಾಮಿ? ಯುರೋಪಿನ ಯಾವ ದೊಡ್ಡ ಕ್ಲಬ್‌ನಲ್ಲಿ ಹೊರಗಿನವರಿಲ್ಲ? ಮೇ ತಿಂಗಳಲ್ಲಿ ಲಿಸ್ಬನ್‌ನಲ್ಲಿ ಆರ್ಸೆನಲ್ ಬಾರ್ಸಿಲೋನಾವನ್ನು 1–0ಯಿಂದ ಹೊಡೆದು ಯುರೋಪ್ ಚಾಂಪಿಯನ್ ಆಯಿತು. ಆ ಒಂದು ಗೋಲು ಹಾಕಿದ ಸ್ಟಿನಾ ಬ್ಲಾಕ್‌ಸ್ಟೇನಿಯಸ್ ಸ್ವೀಡನ್‌ನವರು. ಲಂಡನ್‌ನವರು ಕಪ್ ವಾಪಸ್ ಕೊಟ್ಟರಾ?

ಹುಬ್ಬಳ್ಳಿ ಹಾಫ್‌ಬ್ಯಾಕ್

ಕ್ಲಬ್ ಗೆದ್ದದ್ದಕ್ಕ ನನ್ನ ತಕರಾರಿಲ್ಲ. "ಭಾರತದ ಫುಟ್‌ಬಾಲ್ ಬೆಳೀತು" ಅನ್ನೋದಕ್ಕ ತಕರಾರು. ಎರಡೂ ಬ್ಯಾರೆ ಬ್ಯಾರೆ.

ಹಳೇ ಗ್ಯಾಲರಿ

ಹಾಫ್‌ಬ್ಯಾಕ್ ಅವರ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಇಂಥ ಸ್ಟ್ರೈಕರ್ ಜೊತೆ ದಿನಾ ಪ್ರಾಕ್ಟೀಸ್ ಮಾಡುವ ನಮ್ಮ ಡಿಫೆಂಡರ್‌ಗಳಿಗೆ ಏನೂ ಲಾಭ ಇಲ್ವಾ? ಜುಲೈನಲ್ಲಿ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡ್ ವಿರುದ್ಧ 2–1 ಗೆದ್ದು ಭಾರತ ಏಷ್ಯನ್ ಕಪ್‌ಗೆ ಹೋಯಿತಲ್ಲ, ಎರಡೂ ಗೋಲು ಹಾಕಿದ ಸಂಗೀತಾ ಬಾಸ್ಫೋರ್ ಇದೇ ಈಸ್ಟ್ ಬೆಂಗಾಲ್ ಆಟಗಾರ್ತಿ.

ಸೈತಾಮಾ ಕನ್ನಡತಿ

ನಾನು ಇರೋದು ಉರಾವಾ ಪಕ್ಕದಲ್ಲೇ, ಹಾಗಾಗಿ 17–0 ಬಗ್ಗೆ ಎರಡು ಮಾತು ಹೇಳಲೇಬೇಕು.

ಉರಾವಾ ಹೆಂಗಸರ ತಂಡಕ್ಕೆ ಕೆಳಗೆ ಯೂತ್ ತಂಡ ಇದೆ, ಅದರ ಕೆಳಗೆ ಜೂನಿಯರ್ ಯೂತ್ ಇದೆ. ಹೈಸ್ಕೂಲಿಗೆ ಹೋಗುವ ಮೊದಲೇ ಹುಡುಗಿ ಕ್ಲಬ್‌ನ ಜೆರ್ಸಿ ಹಾಕಿರುತ್ತಾಳೆ. ಜಪಾನಿನಲ್ಲಿ ಮಹಿಳಾ ಲೀಗ್ ಶುರುವಾಗಿದ್ದು 1989ರಲ್ಲಿ. 2011ರಲ್ಲಿ ವಿಶ್ವಕಪ್ ಗೆದ್ದರು. ಅಷ್ಟಾದರೂ ಪೂರ್ತಿ ವೃತ್ತಿಪರ ಲೀಗ್ ಬಂದಿದ್ದು 2021ಕ್ಕೆ. ಅದರಲ್ಲೂ ಪ್ರತಿ ಕ್ಲಬ್ ಕನಿಷ್ಠ 15 ಜನರ ಜೊತೆ ವೃತ್ತಿಪರ ಒಪ್ಪಂದ ಮಾಡಿಕೊಳ್ಳಬೇಕು ಅಂತ ನಿಯಮ ಹಾಕಿದರು. ಆ ಲೀಗ್ ಅನ್ನು ಸತತ ಎರಡು ಸಲ ಗೆದ್ದ ತಂಡದ ಎದುರು ಒಡಿಶಾ ಹುಡುಗಿಯರನ್ನು ಹೋ ಚಿ ಮಿನ್ ಸಿಟಿಯ ಸೆಕೆಯಲ್ಲಿ ನಿಲ್ಲಿಸಿದರು.

ನಮ್ಮ ಐಡಬ್ಲ್ಯೂಎಲ್ (ಇಂಡಿಯನ್ ವುಮೆನ್ಸ್ ಲೀಗ್) ಹುಟ್ಟಿದ್ದೇ 2016–17ರಲ್ಲಿ. ಮನೆ ಮೈದಾನ, ಎದುರಾಳಿ ಮೈದಾನ ಅಂತ ಆಡಲು ಶುರು ಮಾಡಿದ್ದು 2023–24ರಲ್ಲಿ. ಆ ಹದಿನೇಳು ಗೋಲನ್ನು ಹುಡುಗಿಯರ ತಲೆಗೆ ಕಟ್ಟೋದು ತಪ್ಪು.

ಕೆಂಪು ಕಾರ್ಡ್

ಹದಿನೇಳು ಹದಿನೇಳೇ. ಇತಿಹಾಸ ಹೇಳಿದರೆ ಗೋಲು ಕಡಿಮೆ ಆಗಲ್ಲ.

ಆಫ್‌ಸೈಡ್ ಅಕ್ಕ

ಕಾರ್ಡ್ ಅಣ್ಣ, ಅದಕ್ಕಿಂತ ಬೇಜಾರಿನ ವಿಷಯ ಹೇಳ್ತೀನಿ ಕೇಳಿ. ಒಡಿಶಾ 2023–24ರ ಐಡಬ್ಲ್ಯೂಎಲ್ ಚಾಂಪಿಯನ್. ಅದೇ ಒಡಿಶಾ ಮುಂದಿನ ಸೀಸನ್‌ನಲ್ಲಿ ಕೆಳಗಿನ ಡಿವಿಷನ್‌ಗೆ ಇಳಿದು ಹೋಯಿತು. ಕಪ್ ಎತ್ತಿದ ತಂಡ ಒಂದೇ ವರ್ಷದಲ್ಲಿ ಲೀಗ್‌ನಿಂದ ಹೊರಗೆ! ಏಷ್ಯಾಕ್ಕೆ ಹೋಗಿ ಕಲಿತುಬಂದ ಪಾಠ ಯಾರ ಹತ್ತಿರ ಉಳಿಯಿತು? ತಂಡವೇ ಚದುರಿದರೆ ಅನುಭವವೂ ಚದುರುತ್ತೆ.

ಹಳೇ ಗ್ಯಾಲರಿ

ಇದು ನಾನು ಹುಡುಕುತ್ತಿದ್ದ ಉತ್ತರದ ಹತ್ತಿರ ಇದೆ. ಗೋಕುಲಂ ಮೂರು ಸಲ ಹೆಸರು ಕೊಟ್ಟಿತು, ಆಮೇಲೆ ಒಡಿಶಾ, ಈಗ ಈಸ್ಟ್ ಬೆಂಗಾಲ್. ಪ್ರತಿ ಸಲವೂ ಹೊಸಬರು ಮೊದಲಿನಿಂದ ಕಲಿಯಬೇಕು.

ಕುಡ್ಲದ ಗೋಲಿ

ಗೋಕುಲಂ ಮೂರು ಸಲ ಹೆಸರು ಕೊಟ್ಟಿದ್ದು ಹೌದು, ಆಡಿದ್ದು ಎರಡೇ ಸಲ. 2022ರ ತಾಷ್ಕೆಂಟ್ ಕಥೆ ಮರೆತುಬಿಟ್ರಾ?

ನೀಲಿ ಜೆರ್ಸಿ

ಏನದು? ನಾನು ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದೇ ಆಮೇಲೆ.

ಕುಡ್ಲದ ಗೋಲಿ

ಕೇಳು ತಮ್ಮಾ. ಹೊಟ್ಟೆ ಉರಿಯೋ ಕಥೆ.

2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಎಐಎಫ್‌ಎಫ್ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ನೋಡಿಕೊಳ್ಳಲು ಆಡಳಿತ ಸಮಿತಿ ನೇಮಿಸಿತು. ಹಳೇ ಅಧ್ಯಕ್ಷರ ಅವಧಿ ಮುಗಿದರೂ ಚುನಾವಣೆ ಆಗಿರಲಿಲ್ಲ. ಫಿಫಾ ಇದನ್ನು ಹೊರಗಿನವರ ಹಸ್ತಕ್ಷೇಪ ಅಂತ ಹೇಳಿ ಆಗಸ್ಟ್ ಮಧ್ಯದಲ್ಲಿ ಭಾರತವನ್ನು ಅಮಾನತು ಮಾಡಿತು. ಅಮಾನತು ಅಂದರೆ ನಮ್ಮ ಯಾವ ಕ್ಲಬ್ಬೂ ಹೊರದೇಶದ ಅಧಿಕೃತ ಪಂದ್ಯ ಆಡುವ ಹಾಗಿಲ್ಲ. ಗೋಕುಲಂ ಹುಡುಗಿಯರು ಆ ಹೊತ್ತಿಗೆ ತಾಷ್ಕೆಂಟ್‌ಗೆ ಹೋಗಿ ಇಳಿದಾಗಿತ್ತು! 23ಕ್ಕೆ ಸೊಗ್ದಿಯಾನಾ ವಿರುದ್ಧ, 26ಕ್ಕೆ ಬಾಮ್ ಖಾತೂನ್ ವಿರುದ್ಧ ಪಂದ್ಯ ಇತ್ತು. ಹೋಟೆಲಲ್ಲಿ ಕೂತು ಪ್ರಧಾನಿಗೆ ಮನವಿ ಮಾಡಿದರು. ಏನೂ ಆಗಲಿಲ್ಲ, ಬರಿಗೈಲಿ ವಾಪಸ್ ಬಂದರು.

ಅಮಾನತು ತೆಗೆದಿದ್ದು ಯಾವತ್ತು ಗೊತ್ತಾ? ಆಗಸ್ಟ್ 26. ಅವರ ಎರಡನೇ ಪಂದ್ಯ ಇರಬೇಕಾಗಿದ್ದ ದಿನ.

ಆಫ್‌ಸೈಡ್ ಅಕ್ಕ

ಅದೇ ವಾರ, ಆಗಸ್ಟ್ 18ಕ್ಕೆ, ಮನೀಷಾ ಕಲ್ಯಾಣ್ ಸೈಪ್ರಸ್‌ನ ಅಪೊಲೊನ್ ಪರ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲಿ ಬದಲಿ ಆಟಗಾರ್ತಿಯಾಗಿ ಇಳಿದರು. ಲಾಟ್ವಿಯಾದ ರೀಗಾ ತಂಡದ ವಿರುದ್ಧ. ಆ ಟೂರ್ನಿಯಲ್ಲಿ ಆಡಿದ ಮೊದಲ ಭಾರತೀಯರು. ಗೋಕುಲಂನಲ್ಲೇ ಉಳಿದಿದ್ದರೆ ಅವರೂ ತಾಷ್ಕೆಂಟ್ ಹೋಟೆಲಲ್ಲಿ ಕೂತಿರಬೇಕಿತ್ತು.

ನೀಲಿ ಜೆರ್ಸಿ

ಛೇ. ಯಾರೋ ಆಫೀಸಿನಲ್ಲಿ ಜಗಳ ಆಡಿದ್ದಕ್ಕೆ ಇವರಿಗೆ ಶಿಕ್ಷೆ.

ಕೆಂಪು ಕಾರ್ಡ್

ಆ ಅಮಾನತಿನಿಂದ ಅಕ್ಟೋಬರ್‌ನ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಕೂಡ ನಮ್ಮ ಕೈ ತಪ್ಪುತ್ತಿತ್ತು. ಉಳಿಯಿತು. ಉಳಿದು ಏನಾಯಿತು? ಅಮೆರಿಕ ವಿರುದ್ಧ 0–8, ಮೊರಾಕೊ ವಿರುದ್ಧ 0–3, ಬ್ರೆಜಿಲ್ ವಿರುದ್ಧ 0–5.

ಪಿ.ಟಿ. ಮೇಷ್ಟ್ರು

ಕೆಂಪು ಕಾರ್ಡ್ ಅವರೇ, ಸ್ಕೋರ್ ಚೆನ್ನಾಗಿ ನೆನಪಿಟ್ಟುಕೊಂಡಿದ್ದೀರಿ. ಆ ವಯಸ್ಸಿನ ಹುಡುಗಿ ನಮ್ಮಲ್ಲಿ ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತಾಳೆ ಅಂತ ಗೊತ್ತಾ?

ನಾನು ತಾಲೂಕು ಮಟ್ಟದಲ್ಲಿ ಹುಡುಗಿಯರ ತಂಡ ಕಟ್ಟಿಕೊಂಡು ಓಡಾಡುವವನು. ವಲಯ ಮಟ್ಟಕ್ಕೆ ಹೋದರೆ ಎದುರಿಗೆ ಇನ್ನೊಂದು ತಂಡವೇ ಇರುವುದಿಲ್ಲ. "ನೀವೇ ಗೆದ್ರಿ ಸಾರ್" ಅಂತ ಬರೆದು ಕಳಿಸುತ್ತಾರೆ. ಜಿಲ್ಲಾ ಮಟ್ಟದಲ್ಲಿ ಒಂದು ಪಂದ್ಯ, ಸೋತರೆ ಮುಗಿಯಿತು. ಗೋಲ್‌ಕೀಪರ್ ಹುಡುಗಿಗೆ ಗ್ಲೌಸ್ ಇಲ್ಲ ಅಂತ ಅವರಣ್ಣನ ಕ್ರಿಕೆಟ್ ಕೀಪಿಂಗ್ ಗ್ಲೌಸ್ ಹಾಕಿಕೊಂಡು ಬಂದಳು. ಬೆರಳು ಮಡಚೋಕೆ ಆಗದೆ ಚೆಂಡು ಜಾರಿ ಜಾರಿ ಹೋಯಿತು, ಎರಡನೇ ಅರ್ಧಕ್ಕೆ ತೆಗೆದು ಬಿಸಾಕಿ ಬರಿಗೈಲಿ ನಿಂತಳು. ಚೆನ್ನಾಗಿಯೇ ಹಿಡಿದಳು.

ಅದಕ್ಕೇ ನನಗೆ 17–0 ನೋಡಿ ಆಶ್ಚರ್ಯ ಆಗಲಿಲ್ಲ. 3–1 ನೋಡಿ ಆಯಿತು.

ಹಳೇ ಗ್ಯಾಲರಿ

ಮೇಷ್ಟ್ರೇ, ಪಂದ್ಯಗಳ ಲೆಕ್ಕ ತೆಗೆದಿರಲ್ಲ, ಮೇಲಿನ ಹಂತದಲ್ಲೂ ಅದೇ ಕಥೆ. ಐಡಬ್ಲ್ಯೂಎಲ್‌ನಲ್ಲಿ ಎಂಟು ತಂಡ. ಒಬ್ಬರ ಜೊತೆ ಎರಡು ಸಲ ಆಡಿದರೂ ಒಂದು ಸೀಸನ್‌ಗೆ 14 ಪಂದ್ಯ. ಏಳು ತಂಡ ಇದ್ದ 2023–24ರಲ್ಲಿ 12 ಮಾತ್ರ. ಜಪಾನಿನ ಲೀಗ್‌ನಲ್ಲಿ 12 ತಂಡ, 22 ಪಂದ್ಯ, ಅದರ ಮೇಲೆ ಕಪ್ ಟೂರ್ನಿಗಳು ಬೇರೆ.

ಏಷ್ಯಾ ಟೂರ್ನಿಯಲ್ಲಿ ಒಂದೇ ಊರಲ್ಲಿ ಒಂದು ವಾರದೊಳಗೆ ಮೂರು ಪಂದ್ಯ. 17, 20, 23. ಮೂರನೇ ಪಂದ್ಯದ ಹೊತ್ತಿಗೆ ನಮ್ಮವರ ಕಾಲು ಸೋತಿದ್ದು ನಸಾಫ್ ಪಂದ್ಯದಲ್ಲಿ ಕಾಣುತ್ತಿತ್ತು. ಅಷ್ಟು ಒತ್ತೊತ್ತಾಗಿ ಅಷ್ಟು ಗಟ್ಟಿ ಪಂದ್ಯ ಆಡಿ ಅಭ್ಯಾಸವೇ ಇಲ್ಲ. ಟೂರ್ನಿಗೆ ಕಳಿಸಬೇಕೋ ಬೇಡವೋ ಅನ್ನೋದು ನನ್ನ ಪ್ರಕಾರ ವಿಷಯವೇ ಅಲ್ಲ. ಕಳಿಸುವ ಮುಂಚಿನ ಹನ್ನೊಂದು ತಿಂಗಳು ಏನು ಮಾಡುತ್ತೇವೆ ಅನ್ನೋದು ವಿಷಯ.

ಹುಬ್ಬಳ್ಳಿ ಹಾಫ್‌ಬ್ಯಾಕ್

ಇದನ್ನ ಒಪ್ಪತೀನಿ. ಪಂದ್ಯ ಜಾಸ್ತಿ ಬೇಕು. ಆದರ ರೊಕ್ಕ ಯಾರು ಕೊಡ್ತಾರ? 2023ರಲ್ಲಿ ಎಐಎಫ್‌ಎಫ್ ಒಂದು ನಿಯಮ ತಂತು. ಐಡಬ್ಲ್ಯೂಎಲ್‌ನ ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು ಅಂತ. ತಿಂಗಳಿಗೆ 27 ಸಾವಿರದಷ್ಟೂ ಆಗೂದಿಲ್ಲ. ಅದೂ ಹತ್ತು ಜನಕ್ಕ. ಹನ್ನೊಂದನೇ ಹುಡುಗಿ ಏನ್ ಮಾಡಬೇಕು?

ಸೈತಾಮಾ ಕನ್ನಡತಿ

ಟೂರ್ನಿಯಲ್ಲೂ ದುಡ್ಡಿನ ಅಂತರ ನೋಡಿ. ಮಹಿಳಾ ಚಾಂಪಿಯನ್ಸ್ ಲೀಗ್ ಗೆದ್ದರೆ 10 ಲಕ್ಷ ಡಾಲರ್. ಗಂಡಸರ ಚಾಂಪಿಯನ್ಸ್ ಲೀಗ್ ಎಲೀಟ್ ಗೆದ್ದರೆ ಅದರ ಹತ್ತು ಪಟ್ಟು. ಆದರೂ ಹಳೆಯ ಕ್ಲಬ್ ಚಾಂಪಿಯನ್‌ಷಿಪ್‌ಗೆ ಹೋಲಿಸಿದರೆ ಈಗ ಪರವಾಗಿಲ್ಲ. 2019ರಲ್ಲಿ ಕೊರಿಯಾದಲ್ಲಿ ಶುರುವಾದಾಗ ಬರೀ ನಾಲ್ಕೇ ತಂಡ ಇದ್ದದ್ದು. ಟೋಕಿಯೋದ ಬೆಲೆಜಾ ಗೆದ್ದಿತ್ತು. ಈಗ ಪ್ರಾಥಮಿಕ ಸುತ್ತು, 12 ತಂಡಗಳ ಗುಂಪು ಹಂತ, ಆಮೇಲೆ ನಾಕೌಟ್.

ರೆಫರಿ ರಂಗ

ಹೊಡೆತ ತಿಂದೇ ಕಲಿಯೋದು. 2019ರಲ್ಲಿ ಬುಡಾಪೆಸ್ಟ್ ಫೈನಲ್‌ನಲ್ಲಿ ಲಿಯೋನ್ ಬಾರ್ಸಿಲೋನಾವನ್ನು 4–1ರಿಂದ ಚಚ್ಚಿತು. ಅರ್ಧ ಗಂಟೆ ಆಗುವಷ್ಟರಲ್ಲಿ ಆಡಾ ಹೆಗರ್‌ಬರ್ಗ್ ಹ್ಯಾಟ್ರಿಕ್! ಎರಡು ವರ್ಷ ಬಿಟ್ಟು ಅದೇ ಬಾರ್ಸಿಲೋನಾ ಚೆಲ್ಸಿಯನ್ನು 4–0 ಹೊಡೆದು ಕಪ್ ಗೆದ್ದಿತು. 2022ರಲ್ಲಿ ವೋಲ್ಫ್ಸ್‌ಬರ್ಗ್ ವಿರುದ್ಧದ ಪಂದ್ಯಕ್ಕೆ ಕ್ಯಾಂಪ್ ನೌನಲ್ಲಿ 91,648 ಜನ.

ಕೆಂಪು ಕಾರ್ಡ್

ಬಾರ್ಸಿಲೋನಾ ಫೈನಲ್‌ನಲ್ಲಿ ಸೋತಿದ್ದು ರಂಗ. ಫೈನಲ್‌ನಲ್ಲಿ. ಎಲ್ಲಿಯ ಬಾರ್ಸಿಲೋನಾ, ಎಲ್ಲಿಯ ಒಡಿಶಾ. ಅಡಿಕೆ ಮರಕ್ಕೂ ಗರಿಕೆಗೂ ಅಳತೆ ಹಿಡಿದ ಹಾಗಾಯಿತು.

ನೀಲಿ ಜೆರ್ಸಿ

ಸರಿ, ನಮ್ಮೂರಿನ ವಿಷಯಕ್ಕೆ ಬರೋಣ. ಬೆಂಗಳೂರಲ್ಲಿ ಇಷ್ಟೆಲ್ಲ ಫುಟ್‌ಬಾಲ್ ಹುಚ್ಚು ಇದೆ. ಕಂಠೀರವದಲ್ಲಿ ಪಶ್ಚಿಮದ ಸ್ಟ್ಯಾಂಡ್ ತುಂಬಿ ಕೂಗ್ತೀವಿ. ಐಡಬ್ಲ್ಯೂಎಲ್‌ನಲ್ಲಿ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಹೆಸರು ಯಾಕಿಲ್ಲ?

ಆಫ್‌ಸೈಡ್ ಅಕ್ಕ

ಬಿಎಫ್‌ಸಿ ಹೆಸರಿಲ್ಲ, ಬೆಂಗಳೂರಿನ ಹೆಸರಿದೆ. ಕಿಕ್‌ಸ್ಟಾರ್ಟ್ ಎಫ್‌ಸಿ. 2022–23ರಲ್ಲಿ ಐಡಬ್ಲ್ಯೂಎಲ್ ಫೈನಲ್‌ವರೆಗೆ ಹೋಗಿತ್ತು, ಅಹಮದಾಬಾದ್‌ನಲ್ಲಿ ಗೋಕುಲಂ ಕೈಲಿ 5–0 ಸೋತಿತು. ಆ ಪಂದ್ಯ ಗೆದ್ದಿದ್ದರೆ ಏಷ್ಯಾದಲ್ಲಿ ಆಡುವ ಭಾರತದ ಕ್ಲಬ್ ಕರ್ನಾಟಕದ್ದೇ ಆಗುತ್ತಿತ್ತು. ಇಲ್ಲಿ ಎಷ್ಟು ಜನ ಅವರ ಪಂದ್ಯ ನೋಡೋಕೆ ಹೋಗಿದ್ದೀರಿ? ಕೈ ಎತ್ತಿ.

ನೀಲಿ ಜೆರ್ಸಿ

🙈

ಗೌತಮಪುರದ ಗ್ಯಾಂಗು

ಕೈ ಎತ್ತಿದೆ. 2020ರ ಐಡಬ್ಲ್ಯೂಎಲ್ ನಡೆದಿದ್ದೇ ನಮ್ಮ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಫೈನಲ್ ಫೆಬ್ರವರಿ 14. ಗೋಕುಲಂ 2–0 ಮುಂದೆ ಇತ್ತು, ಮಣಿಪುರದ ಕ್ರಿಫ್ಸಾ ಬಂದು 2–2 ಮಾಡಿತು. ಕೊನೆ ಗಳಿಗೆಯಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಒಂದು ಹೊಡೆದರು ನೋಡಿ, 3–2. ಅಂಥ ಪಂದ್ಯ ಗಂಡಸರ ಲೀಗ್‌ನಲ್ಲೂ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಗ್ಯಾಲರಿಯಲ್ಲಿ ಮಾತ್ರ ಕಾಲು ಚಾಚಿ ಮಲಗುವಷ್ಟು ಜಾಗ.

ನಮ್ಮ ಏರಿಯಾದಲ್ಲಿ ಗಲ್ಲಿಗೊಬ್ಬ ಪ್ಲೇಯರ್. ಆದರೆ ಹುಡುಗಿಯರು ಮೈದಾನಕ್ಕೆ ಬಂದರೆ ಅವರಿಗೆ ಸಿಗೋದು ಮೂಲೆಯಲ್ಲಿ ಗೋಲ್‌ಪೋಸ್ಟ್ ಹಿಂದಿನ ಜಾಗ. ಅದನ್ನೂ ಹೇಳಬೇಕಲ್ವಾ.

ರೆಫರಿ ರಂಗ

ಕ್ರಿಕೆಟ್ ನೋಡಿ ಕಲಿಯಬೇಕು. 2024ರಲ್ಲಿ ಆರ್‌ಸಿಬಿ ಹುಡುಗಿಯರು ಡಬ್ಲ್ಯೂಪಿಎಲ್ ಗೆದ್ದಾಗ ಇಡೀ ಊರು ಬೀದಿಗೆ ಬಂತು. ಈ ನವೆಂಬರ್‌ನಲ್ಲಿ ಮಹಿಳಾ ಕ್ರಿಕೆಟ್ ವಿಶ್ವಕಪ್ಪೂ ಬಂತು. ಹೆಸರಿರುವ ಕ್ಲಬ್ ಹುಡುಗಿಯರ ತಂಡ ಕಟ್ಟಿದರೆ ಜನ ತಾನೇ ಬರ್ತಾರೆ. ಈಸ್ಟ್ ಬೆಂಗಾಲ್ ಮಾಡಿದ್ದೂ ಅದನ್ನೇ. ನೂರು ವರ್ಷದ ಹೆಸರು, ಅಭಿಮಾನಿಗಳು ಮೊದಲೇ ಇದ್ದರು.

ಹುಬ್ಬಳ್ಳಿ ಹಾಫ್‌ಬ್ಯಾಕ್

ಆರ್‌ಸಿಬಿ ಬಂದ್ಯಾ ಇಲ್ಲಿಗೂ. ಯಾವ ಚರ್ಚೆ ಆದರೂ ಹತ್ತು ಉತ್ತರದಾಗ ಆರ್‌ಸಿಬಿ ಬರಲೇಬೇಕು.

ಕುಡ್ಲದ ಗೋಲಿ

😂 ರೆಫರಿ ಸೀಟಿ ಊದಿ.

ಪಿ.ಟಿ. ಮೇಷ್ಟ್ರು

ರಂಗ ಅವರ ಮಾತು ತೆಗೆದುಹಾಕಬೇಡಿ. ಡಬ್ಲ್ಯೂಪಿಎಲ್ ಬಂದ ಮೇಲೆ ನಮ್ಮ ಕಡೆ ಅಪ್ಪಂದಿರು ತಾವಾಗಿ ಬಂದು "ಮಗಳನ್ನ ಕ್ರಿಕೆಟ್‌ಗೆ ಸೇರಿಸಿ" ಅಂತಾರೆ. ಫುಟ್‌ಬಾಲ್‌ಗೆ ಇನ್ನೂ ನಾನೇ ಮನೆಮನೆಗೆ ಹೋಗಬೇಕು. ಚಡ್ಡಿ ಹಾಕಬೇಕಾ, ಬಿಸಿಲಿಗೆ ಕಪ್ಪಾಗ್ತಾಳಾ, ಕಾಲು ಮುರಿದರೆ ಮದುವೆ ಹೇಗೆ, ಇವೇ ಪ್ರಶ್ನೆ. ಈ ಸಲ ಬಾಮ್ ಖಾತೂನ್ ಪಂದ್ಯದ ತುಣುಕು ಫೋನಲ್ಲಿ ಇಟ್ಟುಕೊಂಡಿದ್ದೇನೆ. ಇರಾನಿನ ಹುಡುಗಿಯರು ತಲೆ, ಕೈ, ಕಾಲು ಮುಚ್ಚುವ ಬಟ್ಟೆಯಲ್ಲೇ ಆಡುತ್ತಾರಲ್ಲ, ಅದನ್ನು ತೋರಿಸಿದರೆ ಒಂದು ಪ್ರಶ್ನೆ ಕಡಿಮೆ ಆಗುತ್ತೆ.

ಆಫ್‌ಸೈಡ್ ಅಕ್ಕ

ಮೇಷ್ಟ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ನಾವು ಗೋಲು ನೋಡ್ತಿದ್ದೆವು, ನೀವು ಬಟ್ಟೆ ನೋಡಿದಿರಿ.

ಸೈತಾಮಾ ಕನ್ನಡತಿ

ಒಂದು ಮಾತು ಸೇರಿಸ್ತೀನಿ. ವುಹಾನ್ ಜಿಯಾಂಗ್ಡಾ ಮೇ ತಿಂಗಳ ಫೈನಲ್‌ನಲ್ಲಿ ಮೆಲ್ಬರ್ನ್ ಸಿಟಿ ಜೊತೆ 1–1 ಆಗಿ, ಪೆನಾಲ್ಟಿಯಲ್ಲಿ 5–4 ಗೆದ್ದ ತಂಡ. ಅವರ ಊರಲ್ಲೇ, ಅವರ ಜನರ ಎದುರೇ ಈಸ್ಟ್ ಬೆಂಗಾಲ್ 0–2 ಮಾತ್ರ ಸೋತಿದ್ದು. ಗೆಲುವಿಗಿಂತ ಆ ಸೋಲು ನನಗೆ ಜಾಸ್ತಿ ಭರವಸೆ ಕೊಟ್ಟಿತು.

ಕೆಂಪು ಕಾರ್ಡ್

ಸೋಲಿನಲ್ಲಿ ಭರವಸೆ ಹುಡುಕುವುದರಲ್ಲಿ ಭಾರತದ ಫುಟ್‌ಬಾಲ್ ಅಭಿಮಾನಿಗಳನ್ನು ಮೀರಿಸುವವರಿಲ್ಲ.

ಹಳೇ ಗ್ಯಾಲರಿ

ಅದು ನಿಜ 😄

ಕುಡ್ಲದ ಗೋಲಿ

ಡಿಸೆಂಬರ್ ಕೊನೆ. ಈ ಚರ್ಚೆ ಮತ್ತೆ ಮೇಲೆ ತರ್ತಾ ಇದ್ದೇನೆ. ಕಾಠ್ಮಂಡುವಿನಲ್ಲಿ ಮೊದಲ ಸಾಫ್ (ದಕ್ಷಿಣ ಏಷ್ಯಾ) ಮಹಿಳಾ ಕ್ಲಬ್ ಚಾಂಪಿಯನ್‌ಷಿಪ್ ಆಯಿತು. ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ನೇಪಾಳದ ಎಪಿಎಫ್ ತಂಡವನ್ನು 3–0ಯಿಂದ ಹೊಡೆದು ಕಪ್ ಎತ್ತಿತು.

ಕೆಂಪು ಕಾರ್ಡ್

ಸಾಫ್ ಗೆದ್ದಿದ್ದನ್ನು ಏಷ್ಯಾಕ್ಕೆ ಹೋಲಿಸಬೇಡಿ ದಯವಿಟ್ಟು.

ಕುಡ್ಲದ ಗೋಲಿ

ಹೋಲಿಸಿದ್ದು ಯಾರು ಮಾರಾಯ್ರೆ? ಗ್ಯಾಲರಿಯವರು ಪಂದ್ಯ ಸಾಲದು ಅಂದರು. ಹೊರದೇಶದ ಇನ್ನೊಂದಿಷ್ಟು ಪಂದ್ಯ ಸಿಕ್ಕಿತು ಅಂತ ಹೇಳಿದೆ ಅಷ್ಟೆ.

ಹುಬ್ಬಳ್ಳಿ ಹಾಫ್‌ಬ್ಯಾಕ್

ಗೋಲು ಯಾರ ಹೊಡೆದ್ರು?

ರೆಫರಿ ರಂಗ

ಶುರುವಾಯ್ತಪ್ಪ ಮತ್ತೆ.